ಬುಕ್‌ಪ್ಲೇಟ್ ಮಾಡ್ತೀರಾ? ಮೊದಲು ಹೆಸರು ಬರೆಯಿರಿ, ಚಿತ್ರ ಆಮೇಲೆ

ಪುಸ್ತಕದ ರಟ್ಟಿನ ಒಳಗೆ 'ಇದು ಇಂಥವರದು' ಅಂತ ಅಂಟಿಸುವ ಸಣ್ಣ ಚೀಟಿಯೇ ಬುಕ್‌ಪ್ಲೇಟ್. ಜರ್ಮನಿಯಲ್ಲಿ 15ನೇ ಶತಮಾನದಿಂದಲೇ ಇದೆ, ಡ್ಯೂರರ್‌ನಂಥ ದೊಡ್ಡ ಕಲಾವಿದನೂ ತನ್ನ ಗೆಳೆಯನಿಗೆ ಒಂದು ಮಾಡಿಕೊಟ್ಟಿದ್ದ. ನಾನು ಶುರು ಮಾಡಿದ್ದಕ್ಕೆ ಕಾರಣ ಇಷ್ಟೇ: ಬೆಳಗಾವಿಯ ಗೆಳೆಯರಿಗೆ ಓದಲು ಕೊಟ್ಟ ಪುಸ್ತಕಗಳು ವಾಪಸ್ ಬರುತ್ತಿರಲಿಲ್ಲ.

ಜಾಸ್ತಿ ಜನ ಮೊದಲು ಗೂಬೆ, ದೀಪ, ಗೋಲಗುಮ್ಮಟ ಎಲ್ಲ ಬಿಡಿಸಿ, ಉಳಿದ ಮೂಲೆಯಲ್ಲಿ ಹೆಸರು ತುರುಕುತ್ತಾರೆ. ಕನ್ನಡಕ್ಕೆ ಇದು ಆಗಲ್ಲ. ನಮ್ಮ ಅಕ್ಷರ ಮೇಲಕ್ಕೂ ಏಳುತ್ತದೆ, ಕೆಳಕ್ಕೂ ಇಳಿಯುತ್ತದೆ. 'ಮಲ್ಲಮ್ಮ' ಅಂತ ಬರೆದು ನೋಡಿ, ಎರಡು ಒತ್ತು ಜೋತು ಬಿದ್ದಿರುತ್ತವೆ, ಕೆಳಗೆ 'ಅವರ ಪುಸ್ತಕ' ಅಂತ ಹತ್ತಿರ ಬರೆದರೆ ಒತ್ತು ಹೋಗಿ ತಲೆಕಟ್ಟಿಗೆ ಬಡಿಯುತ್ತದೆ. ಸಾಲುಗಳ ನಡುವೆ ಒಂದು ಅಕ್ಷರದ ಎತ್ತರದಷ್ಟು ಜಾಗ ಬಿಡಿ. ಅಷ್ಟು ಜಾಗ ಇಲ್ಲದಿದ್ದರೆ ಕೆಳಗಿನ ಸಾಲನ್ನು ಸ್ವಲ್ಪ ಸರಿಸಿ, ಎರಡು ಪದಗಳ ನಡುವಿನ ಖಾಲಿ ಜಾಗ ಒತ್ತಿನ ಕೆಳಗೇ ಬರುವ ಹಾಗೆ.

ಚೀಟಿಯ ಅಳತೆ 3 ಇಂಚು ಅಗಲ, 4 ಇಂಚು ಎತ್ತರ ಸಾಕು. ಆದರೆ ಬರೆಯುವುದು ಅದರ ಎರಡರಷ್ಟು, ಅಂದ್ರೆ 6ಕ್ಕೆ 8. ಆಮೇಲೆ ಸ್ಕ್ಯಾನ್ ಮಾಡಿ ಅರ್ಧಕ್ಕೆ ಇಳಿಸಿದರೆ ಕೈ ನಡುಗಿದ್ದು ಕಾಣಲ್ಲ. ನಾನು ಚಪ್ಪಟೆ ತುದಿಯ 2 ಮಿ.ಮೀ. ನಿಬ್ಬಿನಲ್ಲಿ 12 ಮಿ.ಮೀ. ಎತ್ತರದ ಅಕ್ಷರ ಬರೆಯುತ್ತೇನೆ. ನಿಬ್ಬು ಹಿಡಿದ ಓರೆ ಮೊದಲ ಅಕ್ಷರದಿಂದ ಕೊನೆಯವರೆಗೂ ಒಂದೇ ಇರಲಿ. ಕೈ ತಿರುಗಿದರೆ ದಪ್ಪ ಬರಬೇಕಾದಲ್ಲಿ ತೆಳು ಬರುತ್ತದೆ.

ಇಳಿಸುವಾಗ ಒಂದು ಅಪಾಯ ಇದೆ. ಗೆಳೆಯ ಧನಂಜಯನಿಗೆ ಮಾಡಿಕೊಟ್ಟಾಗ ಧ ಅಕ್ಷರದ ಕೆಳಗಿನ ಗೀಟನ್ನು ಕೂದಲೆಳೆಯಷ್ಟು ತೆಳ್ಳಗೆ, ಭಾರಿ ನಾಜೂಕಾಗಿ ಎಳೆದಿದ್ದೆ. ಪ್ರಿಂಟ್ ಆಗಿ ಬಂದಾಗ ಗೀಟೇ ಮಾಯ. 50 ಚೀಟಿಗಳ ಮೇಲೂ 'ದನಂಜಯ'! ಅವನು ನಕ್ಕ, ಅವನ ಹೆಂಡತಿ ಇನ್ನೂ ಜಾಸ್ತಿ ನಕ್ಕಳು. ತಪ್ಪು ನನ್ನದೇ. ಅವತ್ತಿನಿಂದ ಮಹಾಪ್ರಾಣದ ಗೀಟನ್ನು ಬೇಕಂತಲೇ ದಪ್ಪ ಎಳೆಯುತ್ತೇನೆ, ಷ ಅಕ್ಷರದ ಹೊಟ್ಟೆಯನ್ನು ಸ್ವಲ್ಪ ಅಗಲ ಬಿಡುತ್ತೇನೆ, ಇಲ್ಲದಿದ್ದರೆ ಶಾಯಿ ತುಂಬಿ ಮುದ್ದೆ ಆಗುತ್ತದೆ. ನೀವು 50 ಪ್ರತಿ ತೆಗೆಸುವ ಮೊದಲು ಒಂದೇ ಒಂದು ತೆಗೆಸಿ, ಹೆಸರು ಗೊತ್ತಿಲ್ಲದ ಯಾರ ಕೈಗಾದರೂ ಕೊಟ್ಟು ಓದಿಸಿ.

ಇನ್ನು ಅಲಂಕಾರ. ವಿಜಯಪುರದಲ್ಲಿ ಆದಿಲ್‌ಶಾಹಿ ಸುಲ್ತಾನನ ಗೋರಿ ಇರುವ ಇಬ್ರಾಹಿಂ ರೋಜಾಕ್ಕೆ ಹೋದರೆ ಕಿಟಕಿ ನೋಡಿ. ಕಲ್ಲಿನ ಜಾಲರಿಯೇ ಅರಬ್ಬಿ ಅಕ್ಷರ. ಅಕ್ಷರ ತೆಗೆದರೆ ಕಿಟಕಿಯೇ ಉಳಿಯಲ್ಲ. ನಾನು ಒತ್ತುಗಳ ಬಾಲ ಎಳೆದು ಅದರಿಂದಲೇ ಬಳ್ಳಿ ಹರಿಸುವುದನ್ನು ಕಲಿತದ್ದು ಅಲ್ಲಿ ನಿಂತುಕೊಂಡೇ. ಸುತ್ತ ಅಂಚು ಬೇಕೇಬೇಕು ಅಂದ್ರೆ ಮನೆಯಲ್ಲಿ ಇಳಕಲ್ ಸೀರೆ ಇರುತ್ತಲ್ವಾ, ಸೆರಗಿನ ತೆನೆ ಸಾಲನ್ನು ನೋಡಿ ಬರೆಯಿರಿ. ಒಂದು ಬದಿಗೆ ಸಾಕು, ನಾಲ್ಕೂ ಬದಿಗೆ ಹಾಕಿದರೆ ಲಗ್ನಪತ್ರಿಕೆ ಆಗುತ್ತದೆ.

ಕಾಗದ 100 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಆಸುಪಾಸು ಇರಲಿ. ನೀರಿಗೆ ಹರಡದ ಶಾಯಿ ಬೇಕು, ಯಾಕೆಂದರೆ ಅಂಟಿಸುವುದು ಮೈದಾ ಅಂಟಿನಿಂದ. ಅದಾದರೆ ಮುಂದೆ ಒದ್ದೆ ಮಾಡಿ ಬಿಡಿಸಬಹುದು, ಫೆವಿಕಾಲ್ ಆದರೆ ರಟ್ಟೂ ಕಿತ್ತುಬರುತ್ತದೆ. ಅಂಟು ತೆಳ್ಳಗೆ ಸವರಿ, ಮಧ್ಯದಿಂದ ಅಂಚಿನ ಕಡೆಗೆ ಒತ್ತಿ, ಮೇಲೊಂದು ಬಟರ್ ಪೇಪರ್ ಇಟ್ಟು, ಭಾರ ಹೇರಿ ರಾತ್ರಿಯಿಡೀ ಬಿಡಿ. ಬೆಳಗಾವಿಯ ಜುಲೈ ಮಳೆಯಲ್ಲಿ ಮಾತ್ರ ಈ ಕೆಲಸ ಬೇಡ. ಒಗೆದ ಬಟ್ಟೆಯೇ ಒಣಗಲ್ಲ, ಮೈದಾ ಅಂಟಿಗೆ ಬೂಸ್ಟು ಬರುತ್ತದೆ.