ವರ್ಲ್ಡ್ ಹಿಸ್ಟರಿ ಓದ್ಬೇಕಾ? ದೇಶ ಬಿಡಿ, ಬೆಳ್ಳಿ ಹಿಂದೆ ಹೋಗಿ

ಒಂದು ಚಾಪ್ಟರ್ ಚೀನಾ, ಮುಂದಿನದು ಯುರೋಪ್, ಅದಾದ್ಮೇಲೆ ಅಮೆರಿಕ, ಹಿಂಗೇ ಓದ್ಕೊಂಡು ಬಂದಿರ್ತೀವಿ, ಪರೀಕ್ಷೆ ಮುಗಿದ ಮಾರನೇ ದಿನ ಇಸವಿಗಳೆಲ್ಲ ಮರ್ತೋಗುತ್ತೆ, ಯಾಕಂದ್ರೆ ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಅಂತ ಯಾರೂ ಹೇಳಿರಲ್ಲ. ಅದಕ್ಕೆ ದೇಶ ಬಿಟ್ಟು ಒಂದು ವಸ್ತು ಹಿಡ್ಕೊಳ್ಳಿ, ಅದು ಎಲ್ಲೆಲ್ಲಿ ಹೋಯ್ತೋ ಅಲ್ಲೆಲ್ಲ ಹೋಗಿ. ಸಕ್ಕರೆ, ಹತ್ತಿ ಯಾವ್ದಾದ್ರೂ ಓಕೆ, ಆದ್ರೆ ಶುರುಗೆ 16ನೇ ಶತಮಾನದ ಬೆಳ್ಳಿನೇ ಬೆಸ್ಟ್, ನಾಲ್ಕು ಖಂಡ ಒಟ್ಟಿಗೆ ಸಿಗುತ್ತೆ.

ಒಂದು ನೋಟ್‌ಬುಕ್ ಇಟ್ಕೊಳ್ಳಿ. ಬೆಳ್ಳಿ ನಿಂತ ಒಂದೊಂದು ಊರಿಗೂ ಒಂದು ಪುಟ. ಪ್ರತಿ ಪುಟದಲ್ಲೂ ಮೂರೇ ಪ್ರಶ್ನೆ: ದುಡಿದವ್ರು ಯಾರು, ಸಾಗಿಸಿದವ್ರು ಯಾರು, ಕೊಂಡವ್ರಿಗೆ ಅದು ಯಾಕೆ ಬೇಕಿತ್ತು.

ಮೊದಲ ಪುಟ ಪೊಟೊಸಿ. ಈಗಿನ ಬೊಲಿವಿಯಾದಲ್ಲಿದೆ, ಸಮುದ್ರಮಟ್ಟದಿಂದ 4000 ಮೀಟರ್‌ಗಿಂತ ಮೇಲೆ, ಅಲ್ಲಿ ಉಸಿರಾಡೋದೇ ಕಷ್ಟ. 1545ರಲ್ಲಿ ಸ್ಪೇನಿನವ್ರಿಗೆ ಅಲ್ಲಿ ಬೆಳ್ಳಿ ಬೆಟ್ಟ ಸಿಕ್ತು. ಅಗೆದವ್ರು ಯಾರು? ಸ್ಪೇನಿನವ್ರಿಗಿಂತ ಮುಂಚೆ ಅಲ್ಲಿ ಆಳ್ತಿದ್ದ ಇಂಕಾಗಳ ಕಾಲದಲ್ಲಿ ಮಿತಾ ಅಂತ ಸರದಿ ಮೇಲೆ ರಾಜ್ಯದ ಕೆಲಸ ಮಾಡೋ ಪದ್ಧತಿ ಇತ್ತು, 1570ರ ದಶಕದಲ್ಲಿ ಸ್ಪೇನ್ ರಾಜನ ಪರವಾಗಿ ಅಲ್ಲಿ ಆಳ್ತಿದ್ದ ವೈಸ್‌ರಾಯ್ ಟೊಲೆಡೊ ಅದನ್ನೇ ಬಳಸ್ಕೊಂಡು ಸುತ್ತಲಿನ ಹಳ್ಳಿಗಳಿಂದ ಗಂಡಸರನ್ನ ಬಲವಂತವಾಗಿ ಗಣಿಗೆ ಕರೆಸಿದ. ಅದಿರಿಂದ ಬೆಳ್ಳಿ ತೆಗೆಯೋಕೆ ಪಾದರಸ ಬೇಕು, ಅದು ಈಗಿನ ಪೆರುವಿನಲ್ಲಿರೋ ವಾಂಕವೆಲಿಕಾ ಗಣಿಯಿಂದ ಬರ್ತಿತ್ತು, ಅಲ್ಲಿ ಕೆಲಸ ಮಾಡಿದವ್ರಿಗೆ ವಿಷ ಏರ್ತಿತ್ತು. ಈ ಪುಟ ಅರ್ಜೆಂಟಲ್ಲಿ ಮುಗಿಸ್ಬೇಡಿ.

ಇನ್ನೊಂದು ತುದಿ ಚೀನಾ. ತುಂಬಾ ಜನ ಯುರೋಪಿನವ್ರೇ ಎಲ್ಲಾ ನಡೆಸಿದ್ರು ಅಂದ್ಕೊಂಡು ಈ ಪುಟ ಬರೆಯೋದೇ ಇಲ್ಲ, ನನ್ನ ಪ್ರಕಾರ ಅಸಲಿ ಕಥೆ ಇರೋದೇ ಇಲ್ಲಿ. ಆಗ ಚೀನಾ ಆಳ್ತಿದ್ದ ಮಿಂಗ್ ರಾಜವಂಶದ ಕಾಗದದ ದುಡ್ಡಿನ ಮೇಲೆ ಜನ ನಂಬಿಕೆ ಕಳ್ಕೊಂಡಿದ್ರು, ಆಮೇಲೆ ಸರ್ಕಾರನೂ ತೆರಿಗೆನ ಬೆಳ್ಳಿಲೇ ಕೇಳೋಕೆ ಶುರು ಮಾಡ್ತು. ಯುರೋಪಲ್ಲಿ ಒಂದು ತೂಕ ಚಿನ್ನಕ್ಕೆ ಹೆಚ್ಚುಕಮ್ಮಿ 12 ತೂಕ ಬೆಳ್ಳಿ ಕೊಡ್ಬೇಕಿದ್ರೆ ಚೀನಾದಲ್ಲಿ ಸುಮಾರು 6 ಕೊಟ್ರೆ ಸಾಕಿತ್ತು, ಅಂದ್ರೆ ಬೆಳ್ಳಿಗೆ ಅಲ್ಲಿ ಡಬಲ್ ಬೆಲೆ, ವ್ಯಾಪಾರಿ ಬಿಡ್ತಾನಾ?

ಆಮೇಲೆ ಮ್ಯಾಪ್ ತೆಗೀರಿ, ಗಾಳಿ ದಿಕ್ಕು ತೋರಿಸೋ ಮ್ಯಾಪೇ ಬೇಕು. ಮೆಕ್ಸಿಕೊದಿಂದ ಫಿಲಿಪೀನ್ಸ್‌ಗೆ ಹೋಗೋದು ಸಲೀಸು, ವಾಪಸ್ ಬರೋಕೆ ದಾರಿ ಗೊತ್ತಿರ್ಲಿಲ್ಲ. 1565ರಲ್ಲಿ ಉರ್ದನೇಟಾ ಅನ್ನೋ ಪಾದ್ರಿಯ ಹಡಗು ಉತ್ತರಕ್ಕೆ ಹೋಗಿ, ಅಲ್ಲಿ ಪಶ್ಚಿಮದಿಂದ ಬೀಸೋ ಗಾಳಿ ಹಿಡ್ಕೊಂಡು ಮೆಕ್ಸಿಕೊದ ಅಕಾಪುಲ್ಕೊ ಬಂದರು ಮುಟ್ತು. 1571ರಲ್ಲಿ ಫಿಲಿಪೀನ್ಸ್‌ನ ಮನಿಲಾ ಸ್ಪೇನಿನ ಕೈಗೆ ಬಂತು. ಅಲ್ಲಿಂದ 1815ರ ತನಕ ಮನಿಲಾ ಮೂಲಕ ಬೆಳ್ಳಿ ಚೀನಾ ಕಡೆ, ಚೀನಾದ ರೇಷ್ಮೆ, ಪಿಂಗಾಣಿ ಮೆಕ್ಸಿಕೊ ಕಡೆ.

1565 ಅಂದ ತಕ್ಷಣ ನಮಗೆ ತಾಳಿಕೋಟೆ ಯುದ್ಧ ನೆನಪಾಗುತ್ತೆ ಅಲ್ವಾ. ಅದನ್ನೂ ಪಕ್ಕದ ಕಾಲಂನಲ್ಲಿ ಬರ್ಕೊಳ್ಳಿ, ಆದ್ರೆ ಗೆರೆ ಎಳೆದು ಜೋಡಿಸ್ಬೇಡಿ. ಒಂದೇ ವರ್ಷ ಆಯ್ತು ಅಂದ ಮಾತ್ರಕ್ಕೆ ಸಂಬಂಧ ಇದೆ ಅಂತಲ್ಲ. ಹಡಗು, ಸಾಲ, ನಾಣ್ಯ, ಇಂಥ ಏನಾದ್ರೂ ಕೈಗೆ ಸಿಗೋ ಕೊಂಡಿ ಇರ್ಬೇಕು. ನಮ್ಮ ಕಡೆ ನಿಜವಾದ ಕೊಂಡಿ ಬೇಕಂದ್ರೆ ಸೂರತ್ ನೋಡಿ, ಅಲ್ಲಿಗೆ ಬಂದ ವಿದೇಶಿ ಬೆಳ್ಳಿ ಟಂಕಸಾಲೆಲಿ ಕರಗಿ ಮೊಘಲರ ರೂಪಾಯಿ ಆಗ್ತಿತ್ತು. ವಿಜಯನಗರದ ದೊಡ್ಡ ನಾಣ್ಯ ಮಾತ್ರ ಚಿನ್ನದ ವರಾಹ. ಉತ್ತರದಲ್ಲಿ ಬೆಳ್ಳಿ, ದಕ್ಷಿಣದಲ್ಲಿ ಚಿನ್ನ ಯಾಕೆ ಅಂತ ಹುಡುಕ್ತಾ ಹೋದ್ರೆ ಒಂದು ವಾರದ ಓದು ಸಿಗುತ್ತೆ.

ಇನ್ನೊಂದು, ಜಗಳ ಇರೋ ಜಾಗ ಸ್ಕಿಪ್ ಮಾಡ್ಬೇಡಿ. 1644ರಲ್ಲಿ ಮಿಂಗ್ ಬಿದ್ದಿದ್ದು ಬೆಳ್ಳಿ ಬರೋದು ಕಮ್ಮಿ ಆಗಿದ್ದಕ್ಕೆ ಅಂತ ಕೆಲವು ಇತಿಹಾಸಕಾರರು, ಅಲ್ಲ ಬರ, ತೆರಿಗೆ, ದಂಗೆ ಅಂತ ಇನ್ನು ಕೆಲವರು. ಎರಡೂ ಕಡೆಯವ್ರದ್ದು ಓದಿ, ಯಾರ ಹತ್ರ ಯಾವ ಲೆಕ್ಕ ಇದೆ ಅಂತ ಬರ್ಕೊಳ್ಳಿ.

ಬೆಳ್ಳಿ ಮುಗೀತಾ, ಸಿಹಿಗೆಣಸು ಹಿಡೀರಿ. ಅದೂ ಅಮೆರಿಕದ್ದೇ, 16ನೇ ಶತಮಾನದ ಕೊನೆ ಹೊತ್ತಿಗೆ ಫಿಲಿಪೀನ್ಸ್ ದಾರಿಲಿ ಚೀನಾದ ಫುಜಿಯಾನ್‌ಗೆ ಹೋಗಿತ್ತು, ಅರ್ಧ ಪುಟಗಳು ಆಗ್ಲೇ ನಿಮ್ಮ ನೋಟ್‌ಬುಕ್ಕಲ್ಲಿರುತ್ತೆ.