ಥೈರಾಯ್ಡ್ ಟೆಸ್ಟಿಗೆ ಹೊರಟಿರಾ? ಇವತ್ತಿನ ಮಾತ್ರೆ ಬ್ಯಾಗಿನಲ್ಲಿರಲಿ

ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಶಿವಮೊಗ್ಗಕ್ಕೆ ರಕ್ತ ಕೊಡಲು ಬರುವವರು ಹೆಚ್ಚಾಗಿ ಒಂದೇ ಕಡೆ ಎಡವುತ್ತಾರೆ. ಐದೂವರೆಗೆ ಎದ್ದು ಥೈರಾಯ್ಡ್ ಮಾತ್ರೆ ನುಂಗುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಒಂದು ಕಾಫಿ ಕುಡಿಯುತ್ತಾರೆ. ಎಂಟೂವರೆ, ಒಂಬತ್ತಕ್ಕೆ ಲ್ಯಾಬಿನ ಕುರ್ಚಿಯಲ್ಲಿ ಕೂತು ತೋಳು ಚಾಚುತ್ತಾರೆ. ‘ಇವತ್ತಿನ ಮಾತ್ರೆ ತಗೊಂಡ್ರಾ ಅಮ್ಮಾ?’ ಎಂದು ಕೇಳಿದರೆ, ‘ಒಂದಿನಾನೂ ತಪ್ಸಲ್ಲ’ ಎಂಬ ಹೆಮ್ಮೆಯ ಉತ್ತರ ಬರುತ್ತದೆ. ತಪ್ಪಿಸದೇ ಇರುವುದು ಒಳ್ಳೆಯದೇ. ಆದರೆ ಅವತ್ತು ಮಾತ್ರ ರಕ್ತ ಕೊಟ್ಟ ಮೇಲೆ ತಗೊಳ್ಳಬೇಕಿತ್ತು. ಲ್ಯಾಬಿನಲ್ಲಿ ರಕ್ತ ತೆಗೆಯುತ್ತಾ ಇದನ್ನೇ ನೋಡಿ ನೋಡಿ ಸಾಕಾಗಿ ಈ ಲೇಖನ.

ಇದು ಥೈರಾಯ್ಡ್ ಕಡಿಮೆ ಇದ್ದು ಲೆವೊಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುವವರಿಗೆ. ಡಬ್ಬಿಯ ಮೇಲೆ ಥೈರೋನಾರ್ಮ್ ಎಂದಿರಲಿ, ಎಲ್ಟ್ರಾಕ್ಸಿನ್ ಎಂದಿರಲಿ, ಒಳಗಿನ ಔಷಧ ಅದೇ.

1. ದಿನ ಗೊತ್ತು ಮಾಡಿ

ಮಾತ್ರೆ ಶುರುವಾಗಿ ಅಥವಾ ಡೋಸ್ ಬದಲಾಗಿ 6ರಿಂದ 8 ವಾರ ಕಳೆಯಲಿ. ನುಂಗಿದ ಔಷಧದಲ್ಲಿ ಅರ್ಧ ಮೈಯಿಂದ ಖಾಲಿಯಾಗಲು ಸುಮಾರು ಒಂದು ವಾರ ಬೇಕು. ಟೆಸ್ಟಿನಲ್ಲಿ ಮುಖ್ಯವಾಗಿ ನೋಡುವ ಟಿಎಸ್‌ಎಚ್ (ಥೈರಾಯ್ಡಿಗೆ ‘ಕೆಲಸ ಮಾಡು’ ಎಂದು ಮಿದುಳಿನ ಬುಡದ ಗ್ರಂಥಿ ಕಳಿಸುವ ಹಾರ್ಮೋನ್; ಥೈರಾಯ್ಡ್ ಹಾರ್ಮೋನ್ ಸಾಲದಿದ್ದರೆ ಇದು ಏರುತ್ತದೆ) ಇನ್ನೂ ನಿಧಾನ. ಎರಡನೇ ವಾರಕ್ಕೇ ‘ಹೇಗಿದೆ ನೋಡೋಣ’ ಎಂದು ಬಂದರೆ ದುಡ್ಡು ದಂಡ. ಮಾತ್ರೆಯ ಕಂಪನಿ ಬದಲಾದಾಗಲೂ ಇದೇ ಲೆಕ್ಕ. ಗರ್ಭಿಣಿಯರಿಗೆ ಮಾತ್ರ ಈ ಲೆಕ್ಕ ಇಲ್ಲ. ಗೊತ್ತಾದ ಕೂಡಲೇ ಡಾಕ್ಟರಿಗೆ ಹೇಳಿ. ಬೇಕಾಗುವ ಡೋಸ್ ಬೇಗ ಏರುತ್ತದೆ, ಮೊದಲರ್ಧದಲ್ಲಿ ಸುಮಾರು 4 ವಾರಕ್ಕೊಮ್ಮೆ ಟೆಸ್ಟ್ ಬರೆಯುತ್ತಾರೆ.

ಜ್ವರದಲ್ಲಿದ್ದರೆ ಮುಂದೂಡಿ. ಡೆಂಗಿ, ಟೈಫಾಯ್ಡ್, ನಮ್ಮ ಕಡೆಯ ಮಂಗನ ಕಾಯಿಲೆ, ಯಾವುದೇ ಜೋರು ಕಾಯಿಲೆ ಬಂದಾಗ ಟಿಎಸ್‌ಎಚ್ ಕೆಳಗಿಳಿಯಬಹುದು, ಚೇತರಿಸಿಕೊಳ್ಳುವಾಗ ಸ್ವಲ್ಪ ದಿನ ಮೇಲೂ ಹೋಗಬಹುದು. ಡಾಕ್ಟರು ಈಗಲೇ ಬೇಕು ಎಂದರೆ ಬೇರೆ ಮಾತು. ಇಲ್ಲದಿದ್ದರೆ ಪೂರ್ತಿ ಹುಷಾರಾಗಿ ಕೆಲವು ವಾರ ಬಿಟ್ಟು ಬನ್ನಿ.

2. ಅಲ್ಲಿಯವರೆಗೆ ಎಂದಿನಂತೆಯೇ ಇರಿ

ಟೆಸ್ಟಿಗೆ ಒಂದು ವಾರ ಇರುವಾಗ ಮಾತ್ರೆಯ ಮೇಲೆ ಭಕ್ತಿ ಹುಟ್ಟುವವರಿದ್ದಾರೆ. ಎರಡು ತಿಂಗಳು ಮರೆತು ಮರೆತು ತಗೊಂಡು, ಕೊನೆಯ ವಾರ ಬಿಡದೆ ನುಂಗುತ್ತಾರೆ. ಆಗ ಟಿ4 (ಥೈರಾಯ್ಡ್ ಹಾರ್ಮೋನ್, ಮಾತ್ರೆಯಲ್ಲಿರುವುದೂ ಇದೇ) ಸರಿಯಾಗಿ ಕಾಣುತ್ತದೆ, ಟಿಎಸ್‌ಎಚ್ ಮಾತ್ರ ಮೇಲೇ ಇರುತ್ತದೆ. ಅನುಭವ ಇರುವ ಡಾಕ್ಟರಿಗೆ ಇದರ ಅರ್ಥ ನೋಡಿದ ತಕ್ಷಣ ಹೊಳೆಯುತ್ತದೆ. ಹೊಳೆಯದಿದ್ದರೆ ಇನ್ನೂ ಕಷ್ಟ, ಬೇಡದ ಡೋಸ್ ಏರುತ್ತದೆ. ಎಷ್ಟು ಸಲ ತಪ್ಪಿದೆ ಅಂತ ಸುಮ್ನೆ ನಿಜ ಹೇಳಿಬಿಡಿ. ಇದರ ಉಲ್ಟಾ, ‘ನಿಜವಾದ ರಿಪೋರ್ಟ್ ಬರಲಿ’ ಎಂದು ನಾಲ್ಕು ದಿನ ಮಾತ್ರೆ ಬಿಟ್ಟು ಬರುವವರೂ ಇದ್ದಾರೆ. ಅದೂ ಬೇಡ. ನೋಡಬೇಕಿರುವುದು ಈ ಡೋಸ್ ನಿಮಗೆ ಸಾಕೋ ಇಲ್ಲವೋ ಎಂಬುದನ್ನು.

ದಿನದ ಕ್ರಮ ಗೊತ್ತಿರುವುದೇ: ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಫಿ. ಹಾಲು ಹಾಕಿದ ಕಷಾಯಕ್ಕೂ ಇದೇ ನಿಯಮ. ‘ಕಷಾಯ ಔಷಧಿ ಅಲ್ವಾ’ ಎಂದು ಅದರಲ್ಲೇ ಮಾತ್ರೆ ನುಂಗುವವರನ್ನು ನೋಡಿದ್ದೇನೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳು 4 ಗಂಟೆ ದೂರ ಇರಲಿ. ಅವು ಹೊಟ್ಟೆಯಲ್ಲೇ ಥೈರಾಯ್ಡ್ ಮಾತ್ರೆಯನ್ನು ಹಿಡಿದು ಹಾಕುತ್ತವೆ.

ಮಳೆಗಾಲದಲ್ಲಿ ಇನ್ನೊಂದು ಗಮನಿಸಿ. ಈ ಮಾತ್ರೆಗೆ ತೇವ, ಬಿಸಿ, ಬೆಳಕು ಮೂರೂ ಆಗದು. ಆಗುಂಬೆ ಸುತ್ತಮುತ್ತ ಜುಲೈನಲ್ಲಿ ಉಪ್ಪೇ ನೀರಾಗುತ್ತದೆ, ಮಾತ್ರೆಯ ಪಾಡೇನು? ಒಲೆಯ ಮೇಲಿನ ಹಲಗೆ, ಬಚ್ಚಲುಮನೆಯ ಕಿಟಕಿ ಬೇಡ. ಅದರದ್ದೇ ಡಬ್ಬಿಯಲ್ಲಿ, ಮುಚ್ಚಳ ಬಿಗಿ ಮಾಡಿ, ಬೆಡ್‌ರೂಮಿನ ಕಪಾಟಿನಲ್ಲಿ ಇಡಿ. ಒಳಗೆ ತೇವ ಹೀರುವ ಪುಟ್ಟ ಪೊಟ್ಟಣ ಇದ್ದರೆ ಎಸೆಯಬೇಡಿ.

3. ಕೂದಲಿನ ಮಾತ್ರೆ ನಿಲ್ಲಿಸಿ

ಥೈರಾಯ್ಡ್ ಇದ್ದವರಿಗೆ ಕೂದಲು ಉದುರುವುದು ಜಾಸ್ತಿ. ಹಾಗಾಗಿ ಮೆಡಿಕಲ್ ಶಾಪಿನಿಂದಲೋ ಆನ್‌ಲೈನಿನಿಂದಲೋ ಬಯೋಟಿನ್ ಎಂಬ ಬಿ ವಿಟಮಿನ್ನಿನ ಮಾತ್ರೆ ಮನೆಗೆ ಬಂದಿರುತ್ತದೆ. ಈಗಂತೂ ಚಾಕೊಲೇಟಿನಂತೆ ಜಗಿಯುವ ಗಮ್ಮಿಗಳೂ ಇವೆ. ದೊಡ್ಡವರಿಗೆ ದಿನಕ್ಕೆ ಬೇಕಾದ ಬಯೋಟಿನ್ ಸುಮಾರು 30 ಮೈಕ್ರೋಗ್ರಾಂ. ಇವುಗಳಲ್ಲಿ 5,000, 10,000 ಮೈಕ್ರೋಗ್ರಾಂ ತುಂಬಿರುತ್ತಾರೆ. ಅಷ್ಟು ಬೇಕಾದವರು ಬಹಳ ಅಪರೂಪ, ನನ್ನ ಪ್ರಕಾರ ಅದು ದಂಡದ ಖರ್ಚು.

ಖರ್ಚು ಹೋಗಲಿ, ಹಲವು ಲ್ಯಾಬ್ ಯಂತ್ರಗಳು ಹಾರ್ಮೋನ್ ಅಳೆಯಲು ಬಳಸುವುದೇ ಬಯೋಟಿನ್ನಿನ ಅಂಟನ್ನು. ರಕ್ತದಲ್ಲಿ ಅದು ಮೊದಲೇ ತುಂಬಿದ್ದರೆ ಯಂತ್ರ ಮೋಸ ಹೋಗುತ್ತದೆ. ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ4 ಮತ್ತು ಇನ್ನೊಂದು ಥೈರಾಯ್ಡ್ ಹಾರ್ಮೋನ್ ಟಿ3 ಸುಳ್ಳೇ ಜಾಸ್ತಿ ಎಂದು ಬರುತ್ತದೆ. ನೋಡಿದವರಿಗೆ ‘ಡೋಸ್ ಹೆಚ್ಚಾಗಿದೆ’ ಎನಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಬಯೋಟಿನ್ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಕಡೇಪಕ್ಷ 2 ದಿನ ಮೊದಲು ನಿಲ್ಲಿಸಿ. ನಾನಂತೂ ಒಂದು ವಾರ ಎನ್ನುತ್ತೇನೆ, ಎಣಿಸುವುದು ಸುಲಭ. ‘ಕೂದಲು, ಚರ್ಮ, ಉಗುರು’ ಎಂದು ಬರೆದ ಯಾವ ಡಬ್ಬಿಯನ್ನಾದರೂ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ. ಬಿ ಕಾಂಪ್ಲೆಕ್ಸ್ ಮಾತ್ರೆಯಲ್ಲೂ ಬಯೋಟಿನ್ ಇರುತ್ತದೆ.

4. ಆ ಬೆಳಗ್ಗೆ

ಮಾತ್ರೆ ನುಂಗಿದ 2ರಿಂದ 4 ಗಂಟೆಯಲ್ಲಿ ರಕ್ತದಲ್ಲಿ ಟಿ4 ತುದಿಗೇರುತ್ತದೆ. ಐದೂವರೆಗೆ ನುಂಗಿ ಒಂಬತ್ತರೊಳಗೆ ರಕ್ತ ಕೊಟ್ಟವರು ಸರಿಯಾಗಿ ಆ ತುದಿಯಲ್ಲೇ ಸಿಕ್ಕಿಬೀಳುತ್ತಾರೆ. ಟಿಎಸ್‌ಎಚ್ ಒಂದು ಬೆಳಗಿನ ಮಾತ್ರೆಗೆ ಅಲುಗುವುದಿಲ್ಲ. ಹಾಗಾಗಿ ಟಿ4 ಒಂದು ಹೇಳಿದರೆ ಟಿಎಸ್‌ಎಚ್ ಇನ್ನೊಂದು ಹೇಳುತ್ತದೆ. ಟಿಎಸ್‌ಎಚ್ ಒಂದನ್ನೇ ಬರೆದಿದ್ದರೆ ಮಾತ್ರೆ ತಗೊಂಡು ಬಂದರೂ ನಡೆಯುತ್ತದೆ. ಆದರೂ ರಕ್ತ ಕೊಟ್ಟ ಮೇಲೆಯೇ ನುಂಗುವುದನ್ನು ರೂಢಿ ಮಾಡಿಕೊಳ್ಳಿ. ಚೀಟಿಯಲ್ಲಿ ಏನೇನಿದೆ ಎಂಬುದು ಎಷ್ಟೋ ಜನಕ್ಕೆ ಕೌಂಟರಿಗೆ ಬಂದ ಮೇಲೇ ಗೊತ್ತಾಗುವುದು. ಟಿ3 ಇರುವ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಹುಷಾರಾಗಿರಿ, ಅದರ ಏರಿಳಿತ ಜಾಸ್ತಿ.

ಅವತ್ತು ಮಾತ್ರೆ ಬಿಡಿ ಎಂದು ಹೇಳುತ್ತಿಲ್ಲ. ಕೆಲವು ಗಂಟೆ ತಡ ಮಾಡಿ, ಅಷ್ಟೇ. ರಾತ್ರಿಯೇ ಒಂದು ಮಾತ್ರೆಯನ್ನು ಒಣಗಿದ ಪುಟ್ಟ ಡಬ್ಬಿಗೆ ಹಾಕಿ ಬ್ಯಾಗಿಗೆ ಸೇರಿಸಿ. ಕಾಗದದಲ್ಲಿ ಸುತ್ತಿದರೆ ಮಳೆಯಲ್ಲಿ ಕೊಡೆಯ ನೀರು ಸೋರಿ ಹಿಟ್ಟಾಗುತ್ತದೆ. ಜೊತೆಗೆ ನೀರಿನ ಬಾಟಲಿ, ತಿಂಡಿ ಡಬ್ಬಿ. ರಾತ್ರಿ ಮಲಗುವ ಮೊದಲು ಮಾತ್ರೆ ತೆಗೆದುಕೊಳ್ಳುವವರು ಏನೂ ಬದಲಿಸಬೇಡಿ, ಕೌಂಟರಿನಲ್ಲಿ ಹೇಳಿದರೆ ಸಾಕು. ಬಿಪಿ ಮಾತ್ರೆ, ಹೃದಯದ ಮಾತ್ರೆಗಳನ್ನು ಈ ನೆಪದಲ್ಲಿ ನಿಲ್ಲಿಸಬೇಡಿ.

ಉಪವಾಸ ಬೇಕಾ? ಬರೀ ಥೈರಾಯ್ಡಿಗೆ ಕಡ್ಡಾಯ ಅಲ್ಲ. ಆದರೆ ಟಿಎಸ್‌ಎಚ್ ನಸುಕಿನಲ್ಲಿ ಜಾಸ್ತಿ, ಮಧ್ಯಾಹ್ನಕ್ಕೆ ಕಡಿಮೆ. ತಿಂಡಿ ತಿಂದ ಮೇಲೂ ಸ್ವಲ್ಪ ಇಳಿಯುತ್ತದೆ. ಒಮ್ಮೆ ಎಂಟಕ್ಕೆ, ಇನ್ನೊಮ್ಮೆ ಮಧ್ಯಾಹ್ನ ಊಟ ಮುಗಿಸಿ ಕೊಟ್ಟರೆ ಎರಡು ರಿಪೋರ್ಟ್ ಹೋಲಿಸಿ ಪ್ರಯೋಜನವಿಲ್ಲ. ಬೆಳಗ್ಗೆ ಬೇಗ, ಖಾಲಿ ಹೊಟ್ಟೆಗೆ, ಪ್ರತಿ ಸಲ ಒಂದೇ ಹೊತ್ತಿಗೆ ಕೊಡಿ. ನೀರು ಕುಡಿಯಬಹುದು. ಸಕ್ಕರೆ ಕಾಯಿಲೆಯವರು, ತಲೆ ಸುತ್ತು ಬರುವ ವಯಸ್ಸಾದವರು ಹಸಿದು ಬಸ್ಸಿನ ತಿರುವುಗಳಲ್ಲಿ ಒದ್ದಾಡಬೇಡಿ, ಡಾಕ್ಟರನ್ನು ಕೇಳಿ ತಿಂದೇ ಬನ್ನಿ.

ಇದಕ್ಕಿಂತ ಒಳ್ಳೆಯ ದಾರಿ, ನಿಮ್ಮೂರಲ್ಲೇ ರಕ್ತ ಕೊಡುವುದು. ತಾಲ್ಲೂಕು ಪೇಟೆಗಳಲ್ಲಿ ಕಲೆಕ್ಷನ್ ಸೆಂಟರ್ ಇದ್ದರೆ ಸ್ಯಾಂಪಲ್ಲೇ ದೊಡ್ಡ ಲ್ಯಾಬಿಗೆ ಹೋಗುತ್ತದೆ, ನೀವು ಹೋಗಬೇಕಿಲ್ಲ. ಪ್ರತಿ ಸಲ ಅದೇ ಲ್ಯಾಬ್ ಇರಲಿ, ಯಂತ್ರದಿಂದ ಯಂತ್ರಕ್ಕೆ ಅಂಕಿ ವ್ಯತ್ಯಾಸವಾಗುತ್ತದೆ.

5. ಕೌಂಟರಿನಲ್ಲಿ

ಚೀಟಿಯಲ್ಲಿ ಇರುವುದನ್ನು ಮಾತ್ರ ಮಾಡಿಸಿ. ‘ಇನ್ನೂರು ಜಾಸ್ತಿ ಕೊಟ್ರೆ ಫುಲ್ ಪ್ಯಾಕೇಜ್’ ಎಂದರೆ ಬೇಡ ಎನ್ನಿ. ಡೋಸ್ ಹೊಂದಿಕೊಂಡಿರುವ ಹೆಚ್ಚಿನವರಿಗೆ ಟಿಎಸ್‌ಎಚ್ ಸಾಕು, ಜೊತೆಗೆ ಕೆಲವೊಮ್ಮೆ ಫ್ರೀ ಟಿ4 (ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಟಿ4). ಆಂಟಿ ಟಿಪಿಒ (ಮೈಯೇ ಥೈರಾಯ್ಡಿನ ಮೇಲೆ ದಾಳಿ ಮಾಡುತ್ತಿದೆಯೇ ಎಂದು ನೋಡುವ ಟೆಸ್ಟ್) ಒಮ್ಮೆ ಪಾಸಿಟಿವ್ ಬಂದ ಮೇಲೆ ಮತ್ತೆ ಮತ್ತೆ ಮಾಡಿಸಿ ಸಿಗುವುದೇನಿಲ್ಲ.

ಮುಟ್ಟು ನಿಂತ ಮೇಲೆ ಕೊಡುವ ಈಸ್ಟ್ರೊಜನ್ ಮಾತ್ರೆ, ಗರ್ಭನಿರೋಧಕ ಮಾತ್ರೆ, ಸ್ಟೀರಾಯ್ಡ್ ಇವುಗಳಲ್ಲಿ ಯಾವುದಿದ್ದರೂ ಹೇಳಿ. ಈಸ್ಟ್ರೊಜನ್ ಮಾತ್ರೆಯಿಂದ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಹೊರುವ ಪ್ರೋಟೀನ್ ಹೆಚ್ಚುತ್ತದೆ. ಒಟ್ಟು ಟಿ4 ಮೇಲೆ ಕಾಣುತ್ತದೆ, ಆದರೆ ಡೋಸ್ ಸಾಲದೆಯೂ ಇರಬಹುದು.

6. ರಿಪೋರ್ಟ್ ಬಂದ ಮೇಲೆ

ರಕ್ತ ಕೊಟ್ಟ ಕೂಡಲೇ ಮಾತ್ರೆ, ಅರ್ಧ ಗಂಟೆ ಬಿಟ್ಟು ತಿಂಡಿ. ರಿಪೋರ್ಟಿನ ಹಿಂದೆ ಡೋಸ್, ಕಂಪನಿ, ರಕ್ತ ಕೊಟ್ಟ ಹೊತ್ತು ಬರೆದಿಡಿ.

ಡೋಸ್ ಬದಲಾಯಿತು ಎನ್ನಿ. ಮನೆಯಲ್ಲಿ ಹಳೇ 50 ಮೈಕ್ರೋಗ್ರಾಂ ಡಬ್ಬಿಯಲ್ಲಿ ಅರ್ಧ ಉಳಿದಿರುತ್ತದೆ. ‘ಇದು ಮುಗೀಲಿ, ಆಮೇಲೆ 75 ಶುರು ಮಾಡಿದ್ರಾಯ್ತು’ ಎಂದು ತಿಂಗಳು ದೂಡುತ್ತಾರೆ. ಮುಂದಿನ ಟೆಸ್ಟಿನ ದಿನ ಮಾತ್ರ ಡಾಕ್ಟರು ಬರೆದ ತಾರೀಕಿಗೇ ಬರುತ್ತದೆ. ಹಳೇ ಡಬ್ಬಿ ಅವತ್ತೇ ಕಪಾಟಿನಿಂದ ಹೊರಗೆ ಹೋಗಲಿ, ಎರಡೂ ಡಬ್ಬಿ ನೋಡಲು ಒಂದೇ ಥರ ಇರುತ್ತವೆ ಬೇರೆ. ಹೊಸ ಡಬ್ಬಿಯ ಮೇಲೆ ಶುರು ಮಾಡಿದ ತಾರೀಕನ್ನು ಪೆನ್ನಿನಲ್ಲಿ ಬರೆಯಿರಿ. 6 ವಾರದ ಎಣಿಕೆ ಅಲ್ಲಿಂದ.