ಸಾಗವಾನಿ ಹಲಗೆ ಹಾಸುವ ಮುಂಚೆ

ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಹಳೆ ಹಂಚಿನ ಮನೆ. ಹಾಲ್‌ಗೆ 18 ಎಂಎಂ ಸಾಗವಾನಿ ಹಲಗೆ ಹಾಸಬೇಕಿತ್ತು. ಈಗ ಇರುವುದು ಶಹಾಬಾದ್ ಫರಸಿ, ಅಂದರೆ ಕಲ್ಲಿನ ಚಪ್ಪಡಿ. "ಫರಸಿ ಸಪಾಟ ಐತಲ್ರಿ, ಅದರ ಮ್ಯಾಲೇ ಹೊಡದ ಬಿಡ್ರಿ" ಅಂದರು ಮನೆಯ ಕಾಕಾ. ಕಲ್ಲಿಗೆ ಹಲಗೆಯ ಮೊಳೆ ಹಿಡಿಯುವುದಿಲ್ಲ, ಅದಿರಲಿ. ನನ್ನ ಚಿಂತೆ ತೇವದ್ದು. ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಳಗಾವಿ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಏಪ್ರಿಲ್‌ನಲ್ಲಿ ನೋಡಿದರೆ ಯಾವ ನೆಲವೂ ಒಣಗಿದ ಹಾಗೇ ಕಾಣುತ್ತದೆ. ಅದಕ್ಕೇ ನಾನು ನೆಲ ಪರೀಕ್ಷೆ ಮಾಡುವುದು ಮಳೆಗಾಲದಲ್ಲಿ, ಹಲಗೆ ಹಾಸುವುದು ದೀಪಾವಳಿ ಕಳೆದ ಮೇಲೆ.

ಪರೀಕ್ಷೆಗೆ ಖರ್ಚು ಏನೂ ಇಲ್ಲ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಬೇಕು. 16 ಗಂಟೆಯಾದರೂ ಮುಟ್ಟಬಾರದು. ಮೂಲೆ, ನಡುವೆ, ಹೊರಗೋಡೆ ಪಕ್ಕ, ಎಲ್ಲ ಕಡೆ ಇಟ್ಟೆ. ನಡುವಿನ ಹಾಳೆ ಒಣಗಿತ್ತು. ಹೊರಗೋಡೆ ಪಕ್ಕದ್ದರಲ್ಲಿ ಹನಿ ಕಟ್ಟಿತ್ತು, ಕೆಳಗಿನ ಫರಸಿ ಕಪ್ಪಾಗಿತ್ತು. ಹೊರಗೆ ಹೋಗಿ ನೋಡಿದರೆ ಹಂಚಿನ ನೀರೆಲ್ಲ ನೇರ ಗೋಡೆಯ ಬುಡಕ್ಕೇ ಸುರಿಯುತ್ತಿದೆ! ಸೂರಿನ ಅಂಚಿಗೆ ನೀರು ಹಿಡಿಯುವ ತಗಡಿನ ದೋಣಿ ಕಟ್ಟಿಸಿ, ಪೈಪಿನಿಂದ ನೀರನ್ನು ದೂರ ಬಿಡಿಸಿದೆವು. ಗೋಡೆ ಆರಲು ಟೈಮ್ ಕೊಟ್ಟು ಮತ್ತೆ ಹಾಳೆ ಹಚ್ಚಿ ನೋಡಿದ ಮೇಲೇ ಮುಂದಿನ ಕೆಲಸ. ನೀರು ಬರುವ ದಾರಿ ಹಾಗೇ ಬಿಟ್ಟು ಮೇಲೆ ಪ್ಲಾಸ್ಟಿಕ್ ಹಾಸುವವರನ್ನು ಕಂಡಿದ್ದೇನೆ. ಅದು ಸುಮ್ನೆ ದುಡ್ಡು ಹಾಳು. ತೇವ ಗೋಡೆ ಬದಿಯಿಂದ ಏರಿಯೇ ಏರುತ್ತದೆ.

ಗೆದ್ದಲಿನ ಮದ್ದನ್ನೂ ಇದೇ ಹಂತದಲ್ಲಿ ಹಾಕಿಸಿದೆ. ಗೋಡೆ ಮತ್ತು ನೆಲ ಕೂಡುವ ಸಾಲಿನಲ್ಲಿ ಅಡಿಗೊಂದು 12 ಎಂಎಂ ತೂತು ಕೊರೆದು, ಮದ್ದು ಬಿಟ್ಟು, ಸಿಮೆಂಟಿನಿಂದ ಮುಚ್ಚುವುದು. ಹಲಗೆ ಬಿದ್ದ ಮೇಲೆ ಇದನ್ನು ಮಾಡಲು ಬರುವುದಿಲ್ಲ.

ಆಮೇಲೆ ಫರಸಿಯನ್ನು ಒಂದೊಂದಾಗಿ ಸುತ್ತಿಗೆಯ ಹಿಡಿಯಿಂದ ತಟ್ಟಿದೆ. ಪೊಳ್ಳು ಸದ್ದು ಬಂದದ್ದನ್ನು ಗೌಂಡಿ ಎಬ್ಬಿಸಿ ಹೊಸ ಮಾಲಿನಲ್ಲಿ (ಗಾರೆಯಲ್ಲಿ) ಕೂರಿಸಿದ. ಹತ್ತಡಿಯ ಅಲ್ಯೂಮಿನಿಯಂ ಪಟ್ಟಿ ಇಟ್ಟು ಎಲ್ಲ ದಿಕ್ಕಿಗೂ ತಿರುಗಿಸಿ ನೋಡಿದೆವು. ಪಟ್ಟಿಯ ಕೆಳಗೆ 5 ಎಂಎಂಗಿಂತ ಜಾಸ್ತಿ ಸಂದಿ ಇರಬಾರದು. ಹಳೆ ಮನೆಗಳಲ್ಲಿ ನೆಲ ತೊಳೆದ ನೀರು ಹೋಗಲೆಂದು ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ. ಗೌಂಡಿ ಅದನ್ನೂ ಲೆವೆಲ್‌ಗೆ ತರೋಣ ಅಂದ. ಬೇಡ ಅಂದೆ. ಇಳಿಜಾರು ಹಲಗೆಗೆ ಏನೂ ಮಾಡುವುದಿಲ್ಲ. ಉಬ್ಬು, ತಗ್ಗು ಇದ್ದರೆ ಮಾತ್ರ ಕಾಲಿಟ್ಟಾಗ ಕಿರ್ ಅನ್ನುತ್ತದೆ. ಉಬ್ಬಿದ್ದಲ್ಲಿ ಗ್ರೈಂಡರ್‌ಗೆ ಡೈಮಂಡ್ ಕಪ್ ಹಾಕಿ ಉಜ್ಜಿದೆವು. ಧೂಳು ಕೇಳಬೇಡಿ, ಮಾಸ್ಕ್ ಇಲ್ಲದೆ ನಿಲ್ಲಲೇಬೇಡಿ. ತಗ್ಗಿಗೆ ಪ್ರೈಮರ್ ಹೊಡೆದು ತಾನೇ ಹರಡಿ ಸಮವಾಗುವ ಸೆಲ್ಫ್ ಲೆವೆಲಿಂಗ್ ಪುಡಿ ಕಲಸಿ ಸುರಿದೆವು. ಅದು ಪೂರ್ತಿ ಒಣಗಬೇಕು.

ಅದರ ಮೇಲೆ 200 ಮೈಕ್ರಾನ್ ಪಾಲಿಥಿನ್. ಒಂದರ ಮೇಲೊಂದು ಅರ್ಧ ಅಡಿ ಬರಬೇಕು, ಜೋಡಿಗೆ ಟೇಪ್, ಗೋಡೆಗೆ ಎರಡಿಂಚು ಮಡಿಕೆ. ಹಲಗೆಯ ಮೊಳೆ ಹಿಡಿಯಲು ಇದರ ಮೇಲೆ ಪ್ಲೈವುಡ್ ಬೇಕು. ಆ ಪ್ಲೈಯನ್ನು ಕಲ್ಲಿಗೆ ಸ್ಕ್ರೂ ಮಾಡಿದರೆ ಹಾಸಿದ ಪ್ಲಾಸ್ಟಿಕ್ಕೇ ತೂತು, ಅಲ್ವಾ? ಅದಕ್ಕೆ 12 ಎಂಎಂ ಮರೈನ್ ಪ್ಲೈ ಎರಡು ಪದರ ಹಾಕಿದೆ. ಕೆಳಗಿನದು ಉದ್ದಕ್ಕೆ, ಮೇಲಿನದು ಅಡ್ಡಕ್ಕೆ, ಜೋಡಿ ಮೇಲೆ ಜೋಡಿ ಬಾರದಂತೆ. ಎರಡರ ನಡುವೆ ಅಂಟು, ಮೇಲಿನಿಂದ 20 ಎಂಎಂ ಸ್ಕ್ರೂ. ಸ್ಕ್ರೂ ಪ್ಲೈಯಲ್ಲೇ ನಿಲ್ಲುತ್ತದೆ, ಪ್ಲಾಸ್ಟಿಕ್ ಮುಟ್ಟುವುದಿಲ್ಲ. ಪ್ಲೈ ಹಾಳೆಗಳ ನಡುವೆ 3 ಎಂಎಂ, ಗೋಡೆಯಿಂದ 18 ಎಂಎಂ ಜಾಗ ಬಿಟ್ಟೆವು.

ಪ್ಲೈ, ಹಲಗೆ ಸೇರಿ ನೆಲ 42 ಎಂಎಂ ಏರುತ್ತದೆ. ಬಾಗಿಲಿನ ತಳ ಕೊಯ್ದೆವು. ಹೊಸ್ತಿಲು ಮುಚ್ಚಬಾರದು ಅಂತ ಮನೆಯ ಆಯಿ ಮೊದಲೇ ಹೇಳಿದ್ದರು. ಪುಣ್ಯಕ್ಕೆ ಅದು ಎತ್ತರವಾಗಿತ್ತು. ಗಿಡ್ಡ ಹೊಸ್ತಿಲಾಗಿದ್ದರೆ ಈ ಪದ್ಧತಿ ಬಿಟ್ಟು, ನೆಲಕ್ಕೆ ಅಂಟಿಸುವ ತೆಳು ಎಂಜಿನಿಯರ್ಡ್ ಹಲಗೆ (ಪದರಗಳ ಮೇಲೆ ಅಸಲಿ ಮರದ ತೆಳು ಹೊದಿಕೆ ಇರುವುದು) ತರಬೇಕಾಗುತ್ತಿತ್ತು.

ಸಾಗವಾನಿಯನ್ನು ಅದೇ ಹಾಲ್‌ನಲ್ಲಿ, ನಡುವೆ ರೀಪು ಕೊಟ್ಟು, ಗಾಳಿಯಾಡುವಂತೆ ಪೇರಿಸಿದ್ದೆವು. ಹಲಗೆ ಮೂರಿಂಚಿಗಿಂತ ಅಗಲ ಇದ್ದದ್ದರಿಂದ ಅದಕ್ಕೂ ಪ್ಲೈಗೂ ತೇವದ ವ್ಯತ್ಯಾಸ ಶೇಕಡಾ 2ರ ಒಳಗೆ ಬರಬೇಕಿತ್ತು. ಮೀಟರ್ ಅಷ್ಟು ತೋರಿಸಿದ ಮೇಲೆ ಮೊದಲ ಸಾಲು ಹೊಡೆದೆವು.